ಮೈಸೂರು ಸೀಮೆಗೆ ಬರುವ ಪಾದ್ರಿಗಳ ಓದು

ಪರದೇಶಕ್ಕೆ ಧರ್ಮಪ್ರಚಾರಕ್ಕೆಂದು ಹೊರಡುವ ಪಾದ್ರಿಗಳು ಆ ನಾಡಿನ ಜನ, ಭಾಷೆ, ಬೆಳೆಗಳ ಬಗ್ಗೆ ಮೊದಲೇ ಓದಿಕೊಳ್ಳುವುದು ಹಳೆಯ ವಾಡಿಕೆ. ಮೈಸೂರು ಸೀಮೆಗೆ ಬರುವವರಿಗೆ ಬೇಕಾದ ಇಂಥ ಪುಸ್ತಕಗಳು ಸಿದ್ಧವಾದದ್ದು 1799ರಲ್ಲಿ ಶ್ರೀರಂಗಪಟ್ಟಣ ಬ್ರಿಟಿಷರ ಕೈಗೆ ಬಿದ್ದ ನಂತರ.

ಮೊದಲ ದೊಡ್ಡ ಪುಸ್ತಕ ಬರೆದವರು ಪಾದ್ರಿಯಲ್ಲ, ವೈದ್ಯರು. ಹೊಸದಾಗಿ ಗೆದ್ದ ಸೀಮೆಯ ಸಮೀಕ್ಷೆಗೆ ಗವರ್ನರ್ ಜನರಲ್ ವೆಲ್ಲೆಸ್ಲಿ 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಅವರನ್ನು ಕಳಿಸಿದರು. ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳನ್ನು ಅವರು ಕಣ್ಣಾರೆ ಕಂಡರು. ಪಾಳುಬಿದ್ದ ಪಿರಿಯಾಪಟ್ಟಣದ ಕೋಟೆಯಲ್ಲಿ ಹುಲಿಗಳು ಸೇರಿಕೊಂಡಿದ್ದುದನ್ನೂ ದಾಖಲಿಸಿದರು. ಮಣ್ಣಿನ ಗುಣ, ನೀರಾವರಿ, ಬೇಸಾಯದ ಕ್ರಮ, ಜಾತಿಗಳ ನಡೆನುಡಿ ಎಲ್ಲವನ್ನೂ ಊರವರನ್ನೇ ಕೇಳಿ ಬರೆದುಕೊಂಡರು. ಮೂರು ಸಂಪುಟಗಳು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು.

ಇದಕ್ಕಿಂತ ಹೆಚ್ಚು ಹೆಸರು ಮಾಡಿದ್ದು ಫ್ರೆಂಚ್ ಪಾದ್ರಿ ಅಬ್ಬೆ ದುಬೊಯ್ ಅವರ ಗ್ರಂಥ. ಶ್ರೀರಂಗಪಟ್ಟಣದ ಸುತ್ತಮುತ್ತ ನೆಲೆಸಿ, ಈ ನೆಲದ ಉಡುಗೆ ತೊಟ್ಟು, ಇಲ್ಲಿನವರಂತೆಯೇ ಬದುಕಿದವರು ಅವರು. ಹಿಂದೂಗಳ ಆಚಾರವಿಚಾರ ಕುರಿತ ಅವರ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೆಚ್ಚಿ ಶಿಫಾರಸು ಮಾಡಿದರು. ಮದ್ರಾಸ್ ಸರ್ಕಾರ ಅದನ್ನು 2,000 ವರಹಕ್ಕೆ ಕೊಂಡಿತು. 1816ರಲ್ಲಿ ಇಂಗ್ಲಿಷ್ ಆವೃತ್ತಿ ಹೊರಬಂತು. ಆದರೆ ಅದರ ಬಹುಭಾಗಕ್ಕೆ ಹದಿನೆಂಟನೇ ಶತಮಾನದ ಜೆಸ್ಯುಟ್ ಪಾದ್ರಿ ಕೂರ್ಡು ಅವರ ಬರಹವೇ ಆಧಾರವೆಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿದರು. ಕೂರ್ಡು ದುಡಿದದ್ದು ತೆಲುಗು, ತಮಿಳು ಸೀಮೆಗಳಲ್ಲಿ. ಮೈಸೂರಿನ ಅನುಭವವೆಂದು ಓದುಗರು ನಂಬಿದ್ದರಲ್ಲಿ ಬೇರೆ ಸೀಮೆಯ, ಬೇರೆ ಕಾಲದ ಮಾತು ಬಹಳವಿತ್ತು. ಹಳ್ಳಿಗೆ ಹೋಗುವವರಿಗೆ ಬುಕಾನನ್ ಬರಹವೇ ಹೆಚ್ಚು ನಂಬಿಕೆಗೆ ಅರ್ಹ.

ಭಾಷೆಯ ಪುಸ್ತಕಗಳದ್ದು ನಿಧಾನದ ಬೆಳವಣಿಗೆ. ಸಿರಾಂಪುರದ ವಿಲಿಯಂ ಕೇರಿ 1817ರಲ್ಲಿ ಕನ್ನಡ ವ್ಯಾಕರಣ ಪ್ರಕಟಿಸಿದರು. ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಬಂತು. ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ 1859ರಲ್ಲಿ ಕಲಿಯುವವರಿಗೆಂದೇ ವ್ಯಾಕರಣ ಬರೆದರು. ಇವೆಲ್ಲವನ್ನೂ ಮೀರಿದ್ದು ಫರ್ಡಿನಂಡ್ ಕಿಟೆಲ್ ಅವರ ನಿಘಂಟು. 1853ರಲ್ಲಿ ಭಾರತಕ್ಕೆ ಬಂದ ಅವರು ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದರು. ಹಳಗನ್ನಡ ಕಾವ್ಯಗಳಿಂದ ಹಿಡಿದು ಗಾದೆಗಳವರೆಗೆ ಶೋಧಿಸಿ, ಸುಮಾರು 70,000 ಪದಗಳ ಕೋಶವನ್ನು 1894ರಲ್ಲಿ ಮಂಗಳೂರಿನಲ್ಲಿ ಅಚ್ಚುಮಾಡಿಸಿದರು. ಹೆರಾಲ್ಡ್ ಸ್ಪೆನ್ಸರ್ ಅವರ ಅಭ್ಯಾಸಸಹಿತ ವ್ಯಾಕರಣ 1914ರಲ್ಲಿ ಮೈಸೂರಿನ ವೆಸ್ಲಿಯನ್ ಮಿಷನ್ ಪ್ರೆಸ್ಸಿನಲ್ಲೇ ಮುದ್ರಣವಾಯಿತು. ಈ ಕೆಲಸಗಳ ಹಿಂದೆ ದುಡಿದ ಮುನ್ಷಿಗಳಿಗೂ ಪಂಡಿತರಿಗೂ ಸಿಗಬೇಕಾದ ಮನ್ನಣೆ ಸಿಗಲಿಲ್ಲ.

ಹೊರಗಿನವರಿಗೆಂದು ಹುಟ್ಟಿದ ಈ ಪುಸ್ತಕಗಳು ಈಗ ಇಲ್ಲಿನವರ ಆಸ್ತಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಗ್ರಂಥಾಲಯಗಳಲ್ಲಿ ಬುಕಾನನ್ ಸಂಪುಟಗಳು ಇರಬೇಕು. 1800ರಲ್ಲಿ ತಮ್ಮ ಸೀಮೆ ಹೇಗಿತ್ತೆಂಬುದನ್ನು ಇಲ್ಲಿನ ಮಕ್ಕಳೂ ಓದಲಿ.