ಹೊಸ ಯಂತ್ರಕ್ಕೆ ಹಳೆಯ ಮುಖ

ಪುತ್ತೂರು, ಸುಳ್ಯದ ಕಡೆಯಲ್ಲಿ ಹೊಸದಾಗಿ ಮನೆ ಕಟ್ಟಿಸುವವರ ಒಂದು ಪದ್ಧತಿಯನ್ನು ವಾಚಕರು ಗಮನಿಸಿರಬಹುದು. ಗೋಡೆ ಸಿಮೆಂಟಿನದು, ಮಾಡೂ ಕಾಂಕ್ರೀಟಿನದೇ. ಆದರೆ ಆ ಕಾಂಕ್ರೀಟಿನ ಇಳಿಜಾರಿನ ಮೇಲೆ ಮಂಗಳೂರು ಹಂಚನ್ನು ಸಾಲಾಗಿ ಹೊದೆಸಿದ ಹೊರತು ಯಜಮಾನನಿಗೆ ಸಮಾಧಾನವಿಲ್ಲ. ಮಳೆಯನ್ನು ತಡೆಯುವುದಕ್ಕೆ ಕಾಂಕ್ರೀಟೇ ಸಾಕು, ಹಂಚು ಕಣ್ಣಿಗಾಗಿ. ಇದನ್ನು ಕಂಡು ನಗುವವರು ನಗಲಿ. ಇದೇ ಬಗೆಯ ಕೆಲಸವೊಂದು ಗಣಕಯಂತ್ರದೊಳಗೂ ಬಹುಕಾಲದಿಂದ ನಡೆಯುತ್ತಿದೆ. ಹೊಸ ಕಾರ್ಯಾಚರಣ ವ್ಯವಸ್ಥೆಯನ್ನು ತಂದು, ಅದಕ್ಕೆ ಹಳೆಯದರ ರೂಪವನ್ನೂ ನಡತೆಯನ್ನೂ ತೊಡಿಸುವ ಕೆಲಸ ಅದು. ಅಲ್ಲಿ ಪ್ರಶ್ನೆ ಕಣ್ಣಿನದು ಮಾತ್ರವಲ್ಲ. ಕೆಲವರ ಅನ್ನದ್ದೂ ಹೌದು. ನಮ್ಮ ಈಚಿನ ಒಂದೆರಡು ತಲೆಮಾರುಗಳ ಕನ್ನಡ ಬರೆವಣಿಗೆ ಉಳಿಯುವುದೋ ಅಳಿಯುವುದೋ ಎಂಬುದೂ ಹೌದು.

ಯಂತ್ರಕ್ಕೂ ಮನುಷ್ಯನಿಗೂ ನಡುವೆ ನಿಂತು, ನಮ್ಮ ಅಪ್ಪಣೆಯನ್ನು ಅದಕ್ಕೂ ಅದರ ಉತ್ತರವನ್ನು ನಮಗೂ ಮುಟ್ಟಿಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ನಮ್ಮ ಪೇಟೆಗಳಲ್ಲಿ ಹೆಚ್ಚಾಗಿ ಕಾಣುವುದು ಮೈಕ್ರೋಸಾಫ್ಟ್ ಕಂಪೆನಿಯ ವಿಂಡೋಸ್. ೧೯೯೫ನೆಯ ಇಸವಿಯ ಆಗಸ್ಟಿನಲ್ಲಿ ಹೊರಬಂದ ಅದರ ಆವೃತ್ತಿಯಲ್ಲಿ ತೆರೆಯ ಎಡಗಡೆಯ ಕೆಳಮೂಲೆಗೆ ‘ಸ್ಟಾರ್ಟ್’ ಎಂಬ ಗುಂಡಿಯೊಂದು ಬಂದು ಕುಳಿತಿತು. ಲೋಕದ ಕೋಟ್ಯಂತರ ಜನ ಯಂತ್ರದ ಬಳಕೆಯನ್ನು ಕಲಿತದ್ದು ಆ ಮೂಲೆಯಿಂದಲೇ. ೨೦೦೧ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಗುಂಡಿ ಹಸುರಾಯಿತು, ಪಟ್ಟಿ ನೀಲಿಯಾಯಿತು. ಬಣ್ಣ ಒಗ್ಗದವರಿಗೆ ಹಳೆಯ ಬೂದುಬಣ್ಣದ ರೂಪಕ್ಕೆ ಮರಳುವ ಅನುಕೂಲವನ್ನು ಕಂಪೆನಿಯೇ ಒಳಗಿಟ್ಟಿತ್ತು. ಆ ಸೌಜನ್ಯ ಬಹಳ ಕಾಲ ಉಳಿಯಲಿಲ್ಲ. ೨೦೧೨ರ ಎಂಟನೆಯ ವಿಂಡೋಸಿನಲ್ಲಿ ಹಳೆಯ ರೂಪವನ್ನು ಕಿತ್ತುಹಾಕಿದ್ದಲ್ಲದೆ ಸ್ಟಾರ್ಟ್ ಗುಂಡಿಯನ್ನೇ ತೆಗೆದುಬಿಟ್ಟರು. ಬೆರಳಿನಿಂದ ತೆರೆಯನ್ನು ಮುಟ್ಟುವ ಯಂತ್ರಗಳ ಕಾಲ ಬಂದಿದೆ, ಎಲ್ಲರೂ ಹಾಗೆಯೇ ನಡೆದುಕೊಳ್ಳಲಿ ಎಂಬುದು ಅವರ ಎಣಿಕೆ. ಮೌಸ್ ಹಿಡಿದ ಜನ ಕೂಗೆಬ್ಬಿಸಿದರು. ಮರುವರ್ಷವೇ ಗುಂಡಿ ಮರಳಿತು; ಹಳೆಯ ಪಟ್ಟಿ ಮಾತ್ರ ಮರಳಲಿಲ್ಲ.

ಕಂಪೆನಿ ಕೊಡದ್ದನ್ನು ಹೊರಗಿನವರು ಕೊಟ್ಟರು. ಐವೋ ಬೆಲ್ಚೆವ್ ಎಂಬಾತ ೨೦೦೯ರಿಂದಲೇ ‘ಕ್ಲಾಸಿಕ್ ಶೆಲ್’ ಎಂಬ ಪುಟ್ಟ ತಂತ್ರಾಂಶವನ್ನು ಉಚಿತವಾಗಿ ಹಂಚುತ್ತಿದ್ದ. ಅದನ್ನು ಸ್ಥಾಪಿಸಿಕೊಂಡರೆ ಹೊಸ ವಿಂಡೋಸಿನಲ್ಲಿ ಹಳೆಯ ಸ್ಟಾರ್ಟ್ ಪಟ್ಟಿ ತೆರೆದುಕೊಳ್ಳುತ್ತಿತ್ತು. ಪ್ರತಿಯೊಂದು ಪರಿಷ್ಕರಣೆಯ ಬೆನ್ನುಹತ್ತಿ ಓಡುವುದು ಒಬ್ಬನಿಂದ ಆಗುವ ಕೆಲಸವಲ್ಲ. ೨೦೧೭ರ ಡಿಸೆಂಬರಿನಲ್ಲಿ ಆತ ಕೈಬಿಟ್ಟ. ಆದರೆ ಮೂಲ ಬರೆಹವನ್ನು ಎಲ್ಲರಿಗೂ ತೆರೆದಿಟ್ಟು ಹೋದುದರಿಂದ ಬೇರೆಯವರು ಅದನ್ನು ‘ಓಪನ್ ಶೆಲ್’ ಎಂಬ ಹೆಸರಿನಲ್ಲಿ ಮುಂದುವರಿಸಿದರು. ೨೦೨೧ರ ಹನ್ನೊಂದನೆಯ ವಿಂಡೋಸಿನಲ್ಲಿ ಗುಂಡಿ ಎಡಮೂಲೆಯನ್ನು ಬಿಟ್ಟು ನಡುವಿಗೆ ಸರಿದಾಗ ಮತ್ತೆ ಅದೇ ಕಥೆ. ಈ ಸಲ ಅದನ್ನು ಎಡಕ್ಕೆ ತಳ್ಳುವ ಅನುಕೂಲವನ್ನು ಕಂಪೆನಿಯೇ ಮೊದಲಿನಿಂದ ಇಟ್ಟಿತ್ತು. ಪೆಟ್ಟು ತಿಂದ ಮೇಲೆ ಬಂದ ಬುದ್ಧಿ ಎನ್ನೋಣ. ಮಾರುವವನಿಗೆ ಪ್ರತಿ ಸಲವೂ ಹೊಸ ಮುಖ ಬೇಕು, ದುಡಿಯುವವನಿಗೆ ನಿನ್ನೆಯ ಕೈಚಳಕ ಇವತ್ತೂ ಸಲ್ಲಬೇಕು. ಜಗಳದ ಬೇರು ಇಷ್ಟೆ.

ದುಡಿಯುವವನೆಂದರೆ ಯಾರು? ಪುತ್ತೂರಿನ ಬಸ್ ನಿಲ್ದಾಣದ ಸುತ್ತಲಾಗಲಿ, ಸುಳ್ಯದ ಪೇಟೆಯಲ್ಲಾಗಲಿ, ಈಚೆಗೆ ತಾಲೂಕು ಕೇಂದ್ರವಾದ ಕಡಬದಲ್ಲಾಗಲಿ, ‘ಡಿಟಿಪಿ’ ಎಂಬ ಫಲಕ ಹಾಕಿದ ಚಿಕ್ಕ ಕೋಣೆಯೊಂದನ್ನು ಹೊಕ್ಕು ನೋಡಬೇಕು. ದೀಪಾವಳಿಯಿಂದ ಪತ್ತನಾಜೆಯವರೆಗೆ ಅಲ್ಲಿ ಉಸಿರಾಡಲು ಬಿಡುವಿಲ್ಲ. ಮದುವೆಯ ಕಾಗದ, ನೇಮದ ಕರೆಯೋಲೆ, ಬ್ರಹ್ಮಕಲಶೋತ್ಸವದ ಆಮಂತ್ರಣ, ಬಯಲಾಟದ ಕರಪತ್ರ, ಶಾಲೆಯ ಸ್ಮರಣ ಸಂಚಿಕೆ, ಇವೆಲ್ಲ ಒಂದರ ಮೇಲೊಂದು ಬಂದು ಬೀಳುತ್ತವೆ. ಹಿಂದೆ ಮೊಳೆ ಜೋಡಿಸುತ್ತಿದ್ದವನ ಕೈ ಯಾವ ಅಕ್ಷರ ಯಾವ ಮನೆಯಲ್ಲಿದೆಯೆಂದು ನೋಡದೆಯೇ ಹೋಗುತ್ತಿತ್ತು. ಈ ಕೋಣೆಯ ಹೆಣ್ಣುಮಗಳ ಕೈಯೂ ಹಾಗೆಯೇ ಹೋಗುತ್ತದೆ. ಆಕೆ ತೆರೆಯನ್ನು ‘ನೋಡುವುದು’ ತಪ್ಪಾದಾಗ ಮಾತ್ರ. ಇಂಥವಳ ಮುಂದೆ ಒಂದು ಬೆಳಗ್ಗೆ ಗುಂಡಿಗಳೆಲ್ಲ ಸ್ಥಾನ ಬದಲಿಸಿ ಕುಳಿತರೆ, ಗಂಟೆಗೆ ಮುಗಿಯುವ ಕೆಲಸಕ್ಕೆ ಅರ್ಧ ದಿನ ಬೇಕಾಗುತ್ತದೆ. ಅದರ ಕೂಲಿಯನ್ನು ಯಾವ ಕಂಪೆನಿಯೂ ತುಂಬಿಕೊಡುವುದಿಲ್ಲ.

ಆಕೆಯ ಕೆಲಸದ ಆಯುಧ ಪೇಜ್‌ಮೇಕರ್. ೧೯೮೫ರಲ್ಲಿ ಹುಟ್ಟಿದ ಈ ಪುಟವಿನ್ಯಾಸದ ತಂತ್ರಾಂಶದ ಏಳನೆಯ ಆವೃತ್ತಿಯೇ ಕೊನೆಯದು. ೨೦೦೧ರಲ್ಲಿ ಅದು ಬಂದ ಮೇಲೆ ತಯಾರಕರು ಬೇರೆ ತಂತ್ರಾಂಶದ ಕಡೆಗೆ ತಿರುಗಿಕೊಂಡರು. ನಮ್ಮ ಕೋಣೆಗಳಲ್ಲಿ ಮಾತ್ರ ಅದು ಇನ್ನೂ ಜೀವದಿಂದಿದೆ. ಹೊಸ ವಿಂಡೋಸಿನಲ್ಲಿ ಅದನ್ನು ಓಡಿಸುವ ಉಪಾಯ ರಸವತ್ತಾಗಿದೆ. ತಂತ್ರಾಂಶದ ಗುಣಲಕ್ಷಣಗಳ ಪುಟದಲ್ಲಿ ‘ಹೊಂದಾಣಿಕೆ’ ಎಂಬ ಭಾಗವಿದ್ದು, ಅಲ್ಲಿ ಹಳೆಯ ಆವೃತ್ತಿಯೊಂದರ ಹೆಸರನ್ನು ಆರಿಸಬಹುದು. ಆಮೇಲೆ ಹಳೆಯ ತಂತ್ರಾಂಶವು ‘ನೀನು ಯಾರು?’ ಎಂದು ಕೇಳಿದಾಗಲೆಲ್ಲ ಹೊಸ ವ್ಯವಸ್ಥೆ, ‘ನಾನು ಎಕ್ಸ್‌ಪಿ’ ಎಂದು ನಿಸ್ಸಂಕೋಚವಾಗಿ ಸುಳ್ಳು ಹೇಳುತ್ತದೆ. ಚೌಕಿಯಲ್ಲಿ ಬಣ್ಣ ಹಚ್ಚಿ, ಕಿರೀಟ ಕಟ್ಟಿ ರಂಗಕ್ಕೆ ಬಂದ ಹುಡುಗನನ್ನು ಎದುರು ವೇಷಧಾರಿ ಭೀಮನೆಂದೇ ಮಾತಾಡಿಸುವಂತೆ, ಇಬ್ಬರೂ ಒಪ್ಪಿಕೊಂಡ ಸುಳ್ಳಿನಲ್ಲಿ ಆಟ ಸಾಗುತ್ತದೆ. ಎಲ್ಲ ಹಳಬರಿಗೂ ಈ ಉಪಾಯ ಸಲ್ಲುವುದಿಲ್ಲವೆನ್ನಿ. ೧೬ ಬಿಟ್ಟಿನ ಕಾಲದ ತಂತ್ರಾಂಶಗಳನ್ನು ೬೪ ಬಿಟ್ಟಿನ ವಿಂಡೋಸ್ ಮುಟ್ಟುವುದೇ ಇಲ್ಲ. ಅಂಥವಕ್ಕೆ ಹೊಸ ಯಂತ್ರದ ಹೊಟ್ಟೆಯಲ್ಲಿ ತಂತ್ರಾಂಶದಿಂದಲೇ ಒಂದು ಕೃತಕ ಯಂತ್ರವನ್ನು ಕಟ್ಟಿ, ಅದರಲ್ಲಿ ಹಳೆಯ ವ್ಯವಸ್ಥೆಯನ್ನು ಇಡಿಯಾಗಿ ಕೂಡಿಸಬೇಕಾಗುತ್ತದೆ.

ಇಷ್ಟೆಲ್ಲ ಸಾಹಸಕ್ಕೆ ಹಟವೊಂದೇ ಕಾರಣವಲ್ಲ. ಆ ಯಂತ್ರದಲ್ಲಿರುವ ಕನ್ನಡವೇ ಕಾರಣ. ಇದನ್ನು ತುಸು ವಿಸ್ತರಿಸಿ ಹೇಳಬೇಕು.

ಮೊದಲು ಕೀಲಿಮಣೆಯನ್ನು ನೋಡೋಣ. ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾಯರು, ಇಂಗ್ಲಿಷಿನ ೨೬ ಕೀಲಿಗಳ ಮೇಲೆಯೇ ಕನ್ನಡದ ಇಡೀ ವರ್ಣಮಾಲೆಯನ್ನು ಧ್ವನಿಗೆ ಅನುಸಾರವಾಗಿ ಕೂಡಿಸಿದರು. ‘ಕೆ’ ಒತ್ತಿದರೆ ಕ. ಮೇಲ್ಗೀಲಿಯ ಜೊತೆಗೆ ಒತ್ತಿದರೆ ಖ. ಎರಡು ವ್ಯಂಜನಗಳನ್ನು ಬೆಸೆಯುವುದಕ್ಕೆ ‘ಎಫ್’. ಉಚ್ಚಾರ ಬಲ್ಲವನಿಗೆ ಒಂದು ವಾರದಲ್ಲಿ ಕೈಗೆ ಕೂಡುವ ವಿನ್ಯಾಸವಿದು. ತಮ್ಮ ತಂತ್ರಾಂಶಕ್ಕೆ ರಾಯರು ಇಟ್ಟ ಹೆಸರು ‘ಸೇಡಿಯಾಪು’. ಪುತ್ತೂರು ಸೀಮೆಯ ಸೇಡಿಯಾಪು ಮನೆತನದಿಂದ ಬಂದು, ಛಂದಸ್ಸು ಮತ್ತು ವ್ಯಾಕರಣಗಳಲ್ಲಿ ಮೇರುವೆನಿಸಿದ ಸೇಡಿಯಾಪು ಕೃಷ್ಣ ಭಟ್ಟರ (೧೯೦೨–೧೯೯೬) ನೆನಪು ಅದರಲ್ಲಿದೆ. ಕನ್ನಡ ಗಣಕ ಪರಿಷತ್ತು ಸರಕಾರಕ್ಕಾಗಿ ರೂಪಿಸಿದ ‘ನುಡಿ’ ತಂತ್ರಾಂಶಕ್ಕೂ ಈ ವಿನ್ಯಾಸವೇ ಆಧಾರ. ಹಂಪಿಯ ಕನ್ನಡ ವಿಶ್ವವಿದ್ಯಾನಿಲಯ ೨೦೧೩ರಲ್ಲಿ ರಾಯರಿಗೆ ನಾಡೋಜ ಗೌರವವನ್ನಿತ್ತಿತು.

ಕೀಲಿಮಣೆ ಹೊರಗಿನ ಮಾತಾಯಿತು. ಒಳಗೆ ಅಕ್ಷರ ಹೇಗೆ ಕೂರುತ್ತದೆ ಎಂಬುದು ಬೇರೆಯೇ ಕಥೆ. ಆ ಕಾಲದ ವಿಂಡೋಸಿನಲ್ಲಿ ಒಂದು ಅಕ್ಷರಶೈಲಿಗೆ ಇದ್ದ ಸ್ಥಾನಗಳು ೨೫೬ ಮಾತ್ರ, ಅವೂ ಐರೋಪ್ಯ ಲಿಪಿಗೆ ಮೀಸಲು. ನಮ್ಮವರು ಆ ಸ್ಥಾನಗಳಲ್ಲಿದ್ದ ಪರದೇಶದ ಅಕ್ಷರಗಳ ಚಿತ್ರವನ್ನು ತೆಗೆದು ಕನ್ನಡದ ತುಂಡುಗಳನ್ನು ಬರೆದಿಟ್ಟರು. ನುಡಿಯ ಹಳೆಯ ಶೈಲಿಯಲ್ಲಿ ನಮ್ಮ ಕಣ್ಣಿಗೆ ಕಾಣುವ ನಕಾರದ ಒಡಲು ಯಂತ್ರದ ಲೆಕ್ಕಕ್ಕೆ ಬ್ರಿಟಿಷ್ ಪೌಂಡಿನ ಚಿಹ್ನೆ; ತಲೆಕಟ್ಟು ಫ್ರೆಂಚರ ಗೀಟೆಳೆದ ಅಕಾರ; ನಕಾರದ ಒತ್ತು ಜರ್ಮನರ ವಿಶಿಷ್ಟ ಸಕಾರ. ‘ಕನ್ನಡ’ ಎಂದು ಬರೆದಿಟ್ಟ ಕಡತವನ್ನು ಆ ಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ ಯುರೋಪಿನ ಸಂತೆಯೊಂದು ಕಣ್ಣಿಗೆ ಬೀಳುತ್ತದೆ. ಅಂದಿನ ಮಟ್ಟಿಗೆ ಇದು ಜಾಣತನವೇ. ಇದಿಲ್ಲದಿದ್ದರೆ ಕನ್ನಡ ಗಣಕಕ್ಕೆ ಹತ್ತು ವರ್ಷ ತಡವಾಗಿ ಬರುತ್ತಿತ್ತು. ೧೯೯೧ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಸ್ವಂತ ಸಂಖ್ಯೆ ದೊರೆತಿತ್ತು. ಆದರೆ ಅದನ್ನು ತೋರಿಸಬಲ್ಲ ವಿಂಡೋಸ್ ನಮ್ಮ ಮೇಜಿಗೆ ಬಂದದ್ದು ಎಕ್ಸ್‌ಪಿಯೊಂದಿಗೆ. ಪೇಜ್‌ಮೇಕರಿಗಂತೂ ಯೂನಿಕೋಡಿನ ಗಂಧವೇ ಇಲ್ಲ.

ಹೀಗಾಗಿ ಹಳೆಯ ಶೈಲಿ, ಹಳೆಯ ಪೇಜ್‌ಮೇಕರ್, ಹಳೆಯ ವಿಂಡೋಸ್, ಹಳೆಯ ಯಂತ್ರ ಒಂದರ ಬಾಲವನ್ನೊಂದು ಹಿಡಿದು ನಿಂತಿವೆ. ಒಂದನ್ನು ಬಿಡಿಸಿದರೆ ಉಳಿದವು ಕುಸಿಯುತ್ತವೆಂಬ ಭಯ ಮಾಲಿಕನದು. ಆ ಭಯಕ್ಕೆ ಆಧಾರವಿದೆ. ದೇವಸ್ಥಾನಗಳ ಸ್ಥಳಪುರಾಣ, ಊರಿನ ಹಿರಿಯರ ನೆನಪುಗಳು, ತಾಳಮದ್ದಳೆಯ ಅರ್ಥಧಾರಿಗಳನ್ನು ಕುರಿತ ಲೇಖನಗಳು, ಪುಸ್ತಕದಂಗಡಿಯ ಮುಖ ಕಾಣದ ಎಷ್ಟೋ ಬರೆಹಗಳು ಸ್ಮರಣ ಸಂಚಿಕೆಗಳ ರೂಪದಲ್ಲಿ ಆ ಕಡತಗಳಲ್ಲಿ ಮಾತ್ರ ಉಳಿದಿವೆ. ಅಚ್ಚಾದ ಪ್ರತಿಗಳನ್ನು ಗೆದ್ದಲು ನೋಡಿಕೊಳ್ಳುತ್ತದೆ.

ಹಾಗೆಂದು ಹಳೆಯ ಯಂತ್ರವನ್ನೇ ಇದ್ದ ಹಾಗೆ ತಬ್ಬಿಕೊಂಡು ಕುಳಿತರಾಯಿತೆ? ಇದನ್ನು ನಾನು ಒಪ್ಪಲಾರೆ. ಎಕ್ಸ್‌ಪಿಗೆ ಕಂಪೆನಿಯ ಬೆಂಬಲ ೨೦೧೪ರ ಎಪ್ರಿಲಿನಲ್ಲಿ, ಏಳನೆಯ ವಿಂಡೋಸಿಗೆ ೨೦೨೦ರ ಜನವರಿಯಲ್ಲಿ, ಹತ್ತನೆಯದಕ್ಕೆ ೨೦೨೫ರ ಅಕ್ಟೋಬರಿನಲ್ಲಿ ಮುಗಿಯಿತು. ಬೆಂಬಲ ಮುಗಿಯಿತೆಂದರೆ, ಗೋಡೆಯಲ್ಲಿ ಬಿರುಕು ಕಂಡರೂ ಮುಚ್ಚುವವರಿಲ್ಲ ಎಂದರ್ಥ. ೨೦೧೭ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಕುತಂತ್ರಾಂಶ ಅಂಥ ಬಿರುಕಿನಿಂದ ನುಗ್ಗಿ, ಸುಮಾರು ೧೫೦ ದೇಶಗಳ ಯಂತ್ರಗಳಲ್ಲಿ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಮೂರು ವರ್ಷದ ಹಿಂದೆ ಕೈತೊಳೆದುಕೊಂಡಿದ್ದ ಎಕ್ಸ್‌ಪಿಗೂ ಕಂಪೆನಿ ಆಗ ತೇಪೆ ಹೊರಡಿಸಬೇಕಾಯಿತು. ಇನ್ನು ನಮ್ಮ ಊರಿನ ಸ್ವಂತ ಶತ್ರುವೊಂದಿದೆ: ಘಟ್ಟದ ತಪ್ಪಲಿನ ಸಿಡಿಲು. ಮಳೆಗಾಲದ ಮುಂಚೆ ಸುಳ್ಯ, ಕಡಬದ ಕಡೆ ಗುಡುಗಿದ ಒಂದು ಸಂಜೆ ಸಾಕು, ಇಪ್ಪತ್ತು ವರ್ಷದ ಯಂತ್ರವೂ ಅದರೊಳಗಿನ ತಟ್ಟೆಯೂ ಒಟ್ಟಿಗೆ ಕರಕಾಗುವುದಕ್ಕೆ.

ಆದುದರಿಂದ ಮುಖ ಬೇರೆ, ಒಡಲು ಬೇರೆ ಎಂದು ವಿಂಗಡಿಸಿ ನೋಡುವುದು ಅಗತ್ಯ. ಗುಂಡಿ ಎಡಗಡೆಯಲ್ಲಿರಲಿ, ಪಟ್ಟಿ ಬೂದುಬಣ್ಣದ್ದಾಗಿರಲಿ, ಕೀಲಿಮಣೆ ರಾಯರದೇ ಆಗಿರಲಿ. ಇವುಗಳಿಂದ ಯಾರಿಗೂ ಕೇಡಿಲ್ಲ, ಕೈಗೆ ಉಪಕಾರವಿದೆ. ಒಡಲು ಮಾತ್ರ ಇಂದಿನದಾಗಿರಬೇಕು. ಹಳೆಯ ಒಡಲೇ ಬೇಕಾದ ಕೆಲಸವಿದ್ದರೆ ಅದನ್ನು ಕೃತಕ ಯಂತ್ರದೊಳಗೆ ಕೂಡಿಸಿ, ಅಂತರ್ಜಾಲದ ತಂತಿಯನ್ನು ಅದಕ್ಕೆ ತಾಗಗೊಡದೆ ಇಡಬೇಕು. ಈ ವಿಂಗಡಣೆ ಸಾಧ್ಯವೆಂಬುದಕ್ಕೆ ಕೀಲಿಮಣೆಯೇ ಸಾಕ್ಷಿ. ಇಂದು ಅದೇ ಕೀಲಿಗಳನ್ನು ಅದೇ ಕ್ರಮದಲ್ಲಿ ಒತ್ತಿ ಯೂನಿಕೋಡ್ ಕನ್ನಡವನ್ನು ಬರೆಯಬಹುದು. ಬೆರಳಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಒಳಗೆ ಪೌಂಡಿನ ಚಿಹ್ನೆಯ ಜಾಗದಲ್ಲಿ ನಿಜವಾದ ನಕಾರ ಕುಳಿತಿರುತ್ತದೆ.

ಹೊಸ ವಿಂಡೋಸ್ ಹಳೆಯ ಯಂತ್ರಕ್ಕೆ ಏರುವುದಿಲ್ಲ, ಭದ್ರತೆಯ ಹೊಸ ಚಿಪ್ಪು ಬೇಕೆನ್ನುತ್ತದೆ, ಅಷ್ಟು ಹಣವೆಲ್ಲಿದೆ ಎಂದು ಕೇಳುವವರುಂಟು. ಅವರಿಗೆ ಲಿನಕ್ಸಿನ ದಾರಿಯಿದೆ. ಅಲ್ಲಿ ಮುಖ ಯಾರ ಸೊತ್ತೂ ಅಲ್ಲ. ೨೦೧೧ರಲ್ಲಿ ಗ್ನೋಮ್ ಎಂಬ ಮುಖವನ್ನು ಅದರ ಕರ್ತೃಗಳು ಪೂರ್ತಿ ಬದಲಿಸಿದಾಗ, ಅರ್ಜೆಂಟೀನಾದ ಬಳಕೆದಾರನೊಬ್ಬ ಹಳೆಯದರ ಮೂಲ ಬರೆಹವನ್ನು ಎತ್ತಿಕೊಂಡು ‘ಮಾಟೆ’ ಎಂಬ ಹೆಸರಿನಲ್ಲಿ ಬೆಳೆಸತೊಡಗಿದ. ಅದು ಇಂದಿಗೂ ಬಾಳುತ್ತಿದೆ. ವಿಂಡೋಸ್ ತೊಂಬತ್ತೈದನ್ನೇ ಹೋಲುವ ಉಡುಪನ್ನು ಲಿನಕ್ಸಿಗೆ ಹೊಲಿದವರೂ ಇದ್ದಾರೆ. ನಮಗೆ ಇನ್ನೂ ಹತ್ತಿರದ ಸುದ್ದಿ ಏನೆಂದರೆ, ರಾಯರ ಕೀಲಿಮಣೆ ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿ ‘ಕಗಪ’ ಎಂಬ ಹೆಸರಿನಿಂದ ಮೊದಲೇ ಸೇರಿಕೊಂಡಿದೆ. ಅಷ್ಟೇ ಅಲ್ಲ, ಅದೇ ಮಾದರಿಯನ್ನು ಹಿಂದಿ, ಸಂಸ್ಕೃತ, ಮರಾಠಿ, ತೆಲುಗು ಭಾಷೆಗಳಿಗೂ ಅಲ್ಲಿ ಹೊಂದಿಸಿಟ್ಟಿದ್ದಾರೆ. ಸುಳ್ಯದ ಗಡಿಯಾಚೆ, ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಕಲಿಯುವುದು ಕೇರಳ ಸರಕಾರದ ಲಿನಕ್ಸಿನಲ್ಲಿಯೇ. ಅವರಲ್ಲಿ ಕೆಲವರು ಮುಂದೆ ಪುತ್ತೂರು, ಸುಳ್ಯದ ಕಾಲೇಜುಗಳಿಗೆ ಬಂದು ಸೇರುತ್ತಾರೆ. ಅವರಿಗೆ ‘ಹಳೆಯ ಮುಖ’ ಎಂದರೆ ವಿಂಡೋಸ್ ಅಲ್ಲವೇ ಅಲ್ಲ.

ಉಳಿದದ್ದು ಕಡತಗಳ ಮಾತು. ಹಳೆಯ ಶೈಲಿಯ ಬರೆಹವನ್ನು ಯೂನಿಕೋಡಿಗೆ ತಿರುಗಿಸುವ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಅವು ಅಕ್ಷರಗಳನ್ನು ಬದಲಿಸುತ್ತವೆ, ಓದಿ ನೋಡುವುದಿಲ್ಲ. ಹಳೆಯ ಕಡತದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ವ್ಯಂಜನದ ಬಳಿಕ ಕುಳಿತಿರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದಂತೆ ಮೊದಲೇ ಬರಬೇಕು. ಒತ್ತಕ್ಷರವೂ ದೀರ್ಘವೂ ಕೂಡಿ ಬಂದಲ್ಲಿ ಯಂತ್ರ ಎಡವುವುದುಂಟು. ನಡುವೆ ಇಂಗ್ಲಿಷ್ ಹೆಸರು ಬಂದರೆ ಅದನ್ನೂ ಕನ್ನಡವೆಂದು ಭ್ರಮಿಸಿ ಕಲಸುಮೇಲೋಗರ ಮಾಡುತ್ತದೆ. ಕನ್ನಡ ಬಲ್ಲ ಒಬ್ಬರು ಮೂಲದೊಡನೆ ಹೋಲಿಸಿ ತಿದ್ದಲೇಬೇಕು. ಡಿಟಿಪಿಯ ಕೋಣೆಯಲ್ಲಿ ಅದಕ್ಕೆ ಬಿಡುವೂ ಇಲ್ಲ, ಕೂಲಿಯೂ ಇಲ್ಲ. ಪತ್ತನಾಜೆಯಿಂದ ಆಟಿಯವರೆಗೆ ಅಲ್ಲಿ ಕೆಲಸ ಕಡಿಮೆ. ಕಾಲೇಜುಗಳು ತೆರೆಯುವುದೂ ಆ ದಿನಗಳಲ್ಲೇ. ಕನ್ನಡ ವಿಭಾಗದ ಅಧ್ಯಾಪಕರು ನಾಲ್ಕು ಮಂದಿ ವಿದ್ಯಾರ್ಥಿಗಳನ್ನು ಒಂದು ಕೋಣೆಗೆ ಕಳುಹಿಸಿ, ವರ್ಷಕ್ಕೆ ಒಂದು ಸ್ಮರಣ ಸಂಚಿಕೆಯನ್ನು ಹೀಗೆ ತಿದ್ದಿಸಿದರೂ, ಮೂರು ತಾಲೂಕುಗಳ ಕಾಲೇಜುಗಳಿಂದ ಹತ್ತು ವರ್ಷದಲ್ಲಿ ಒಂದು ಕಪಾಟು ತುಂಬೀತು. ಮೊದಲು ಯಾವುದನ್ನು ಎತ್ತಿಕೊಳ್ಳಬೇಕೆಂದರೆ, ಅತ್ಯಂತ ಹಳೆಯ ಯಂತ್ರದಲ್ಲಿರುವುದನ್ನು.