ಲೈನ್ ಮನೆಗಳ ಸಿಸ್ಟರ್

ತಮಿಳುನಾಡಿನ ಆಳಿಯಾರು ಅಣೆಕಟ್ಟು ದಾಟಿದ ಮೇಲೆ ವಾಲ್ಪಾರೈವರೆಗೆ 40 ಹೇರ್‌ಪಿನ್ ತಿರುವುಗಳು. ಪ್ರವಾಸಿಗರು ಪ್ರತಿ ತಿರುವಿನಲ್ಲೂ ಫೋಟೊ ತೆಗೆಯುತ್ತಾರೆ. ಹೆರಿಗೆ ಕಷ್ಟವಾಗಿ ಪೊಳ್ಳಾಚಿಗೋ ಕೊಯಮತ್ತೂರಿಗೋ ಹೊರಟ ಬಸುರಿಯನ್ನು ಇಳಿಸುವುದೂ ಇದೇ ದಾರಿಯಲ್ಲಿ. ಆಂಬುಲೆನ್ಸ್ ಎಷ್ಟೇ ಚುರುಕಾಗಿದ್ದರೂ ಘಾಟಿ ಘಾಟಿಯೇ. ಅಪಾಯದ ಲಕ್ಷಣ ಬೆಟ್ಟದ ಮೇಲಿರುವ ನರ್ಸಿನ ಕಣ್ಣಿಗೆ ಮೊದಲೇ ಬೀಳಬೇಕು.

ಪೇಟೆ ಬಿಟ್ಟು ತುಸು ನಡೆದರೆ ಚಹಾ ತೋಟ, ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳು, ತೋಟದ ಡಿಸ್ಪೆನ್ಸರಿ. ಇಲ್ಲಿಯ ತೋಟಗಳಲ್ಲಿ ವೈದ್ಯರಾಗಿದ್ದ ಪಿ.ಎಚ್. ಡೇನಿಯಲ್ 1969ರಲ್ಲಿ ‘ರೆಡ್ ಟೀ’ ಕಾದಂಬರಿ ಬರೆದರು. ಬಾಲಾ ಅವರ ‘ಪರದೇಸಿ’ (2013) ಸಿನಿಮಾಕ್ಕೆ ಮೂಲ ಅದೇ. ಕಾದಂಬರಿಯ ಬ್ರಿಟಿಷರ ಕಾಲದ ತೋಟದಲ್ಲಿ ಜ್ವರಕ್ಕೆ ಜನ ಸಾಲುಸಾಲಾಗಿ ಸಾಯುತ್ತಾರೆ. ಕಾರ್ಮಿಕರ ಆರೋಗ್ಯ ಮಾಲೀಕರ ಕಾನೂನಾತ್ಮಕ ಹೊಣೆಯಾದದ್ದು 1951ರ ತೋಟ ಕಾರ್ಮಿಕರ ಕಾಯ್ದೆ ಬಂದ ಮೇಲೆ.

ಆದರೆ ಕಾಯ್ದೆ ಕಟ್ಟಡ ಕಟ್ಟಿಸೀತು, ಮನೆ ಬಾಗಿಲು ತಟ್ಟೀತೆ? 1970ರ ದಶಕದಲ್ಲಿ ತೋಟ ಮಾಲೀಕರ ಸಂಘ ಯುಪಾಸಿ ದಕ್ಷಿಣದ ತೋಟಗಳಲ್ಲಿ ಬೇರೆ ದಾರಿ ಹಿಡಿಯಿತು. ಎಲೆ ಕೀಳುವ ಹೆಂಗಸರಲ್ಲೇ ಕೆಲವರನ್ನು ಆರಿಸಿ, ಕಲಿಸಿ, ‘ಲಿಂಕ್ ವರ್ಕರ್’ ಎಂದು ನೇಮಿಸಿತು. ಯಾವ ಮಗುವಿಗೆ ಭೇದಿ, ಯಾರಿಗೆ ಎಷ್ಟನೇ ತಿಂಗಳು ಎಂಬುದು ಪಕ್ಕದ ಮನೆಯವಳಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತಿರಬೇಕು! ಹಳ್ಳಿಯ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರಾಗಿಸಿದ ಆಶಾ ಯೋಜನೆ ಬಂದದ್ದು 2005ರಲ್ಲಿ. ಅದಕ್ಕೆ ಎಷ್ಟೋ ಮೊದಲೇ ತೋಟದವರು ಇದನ್ನು ಮಾಡಿ ನೋಡಿದ್ದರು.

ಆ ಪಕ್ಕದ ಮನೆಯವಳ ಭಾಷೆಯೇ ಈಗ ಬದಲಾಗಿದೆ. ತಮಿಳು ಕುಟುಂಬಗಳ ಮಕ್ಕಳು ಬೆಟ್ಟ ಇಳಿದು ತಿರುಪ್ಪೂರಿನ ಗಾರ್ಮೆಂಟ್ಸ್ ಸೇರುತ್ತಿದ್ದಾರೆ. ಆ ಮನೆಗಳಿಗೆ ಜಾರ್ಖಂಡ್, ಅಸ್ಸಾಂ ಕಡೆಯವರು ಬಂದಿದ್ದಾರೆ. 2021ರಲ್ಲಿ ಶುರುವಾದ ‘ಮಕ್ಕಳೈ ತೇಡಿ ಮರುತ್ತುವಂ’ (ಜನರನ್ನು ಅರಸಿ ವೈದ್ಯ) ಎಂಬ ತಮಿಳುನಾಡು ಸರ್ಕಾರದ ಯೋಜನೆಯಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಮನೆಗೇ ಬರುತ್ತದೆ, ಒಳ್ಳೆಯದೇ. ಆದರೆ ಊಟಕ್ಕೆ ಮುಂಚೆಯೋ ಆಮೇಲೆಯೋ ಎಂದು ಜಾರ್ಖಂಡ್ ಕಡೆಯ ಸಾದ್ರಿ ಭಾಷೆ ಮಾತಾಡುವ ಮುದುಕಿಗೆ ತಮಿಳು ಸಿಸ್ಟರ್ ಹೇಗೆ ಹೇಳಬೇಕು? ಇಲ್ಲಿಯ ಸಿಸ್ಟರುಗಳ ತರಬೇತಿಯಲ್ಲಿ ಒಂದಿಷ್ಟು ಹಿಂದಿಯೂ ಪಾಠವಾಗಬೇಕು.

ಭಾಷೆಯ ತೊಡಕು ಸಾಲದೆಂದು ಆನೆಗಳ ಭಯ ಬೇರೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಇಲ್ಲಿ 2011ರಿಂದ ಆನೆ ಎಲ್ಲಿದೆಯೆಂದು ಮೊಬೈಲಿಗೆ ಸಂದೇಶ ಕಳಿಸುತ್ತಿದ್ದಾರೆ. ದಾರಿಯಲ್ಲಿ ಕೆಂಪು ದೀಪ ಉರಿದರೆ ಹತ್ತಿರದಲ್ಲೇ ಇದೆ ಎಂದರ್ಥ. ರಾತ್ರಿ ಕರೆ ಬಂದರೆ ಸಿಸ್ಟರ್ ಆ ದೀಪವನ್ನೂ ನೋಡಿ ಹೊರಡಬೇಕು. ಜೊತೆಗೊಂದು ಜೀಪು, ಫೋನಿನಲ್ಲಿ ಸಿಗುವ ಡಾಕ್ಟರು ಇಲ್ಲದಿದ್ದರೆ ಅವಳು ಕಲಿತ ವಿದ್ಯೆ ಬಾಗಿಲಲ್ಲೇ ನಿಲ್ಲುತ್ತದೆ. ಸರ್ಟಿಫಿಕೇಟ್ ಹಂಚುವವರು ಈ ಜೀಪಿನ ಲೆಕ್ಕ ಹಾಕುವುದು ಕಡಿಮೆ.

ತೋಟಗಳಾಚೆ ಕಾಡರ, ಮುದುವರ, ಮಲಸರ ಬುಡಕಟ್ಟು ಹಾಡಿಗಳಿವೆ. ಅಲ್ಲಿಗೆ ಸಿಸ್ಟರ್ ಎಲ್ಲಿಂದ ಬರಬೇಕು? ನಮ್ಮ ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಬುಡಕಟ್ಟಿನ ಹೆಣ್ಣುಮಕ್ಕಳಿಗೇ ಎಎನ್‌ಎಂ (ಸಹಾಯಕ ನರ್ಸ್-ಸೂಲಗಿತ್ತಿ) ತರಬೇತಿ ಕೊಟ್ಟಿತು. ಕಾಡಿನ ಪೋಸ್ಟಿಂಗ್ ಅವರಿಗೆ ಶಿಕ್ಷೆಯಲ್ಲ, ತವರು. ವಾಲ್ಪಾರೈಯ ಅಧಿಕಾರಿಗಳು ಚಾಮರಾಜನಗರಕ್ಕೊಮ್ಮೆ ಹೋಗಿ ನೋಡಿ ಬರಲಿ.