ದೀರ್ಘಾಯುಷ್ಯ ಮತ್ತು ಅನುವಂಶೀಯತೆ: ವಂಶಾವಳಿಗಳ ಸಾಕ್ಷ್ಯ

ಇತಿಹಾಸದ ಅಭ್ಯಾಸಿಗಳಾದ ನಾವು ವಂಶಾವಳಿಯನ್ನು ಕಾಲನಿರ್ಣಯಕ್ಕಾಗಿ ಓದುತ್ತೇವೆ. ಯಾರು ಯಾರ ಮಗನು, ಯಾವಾಗ ಪಟ್ಟಕ್ಕೆ ಬಂದನು, ಯಾವಾಗ ಕಾಲವಾದನು ಎಂಬುದೇ ಅಲ್ಲಿ ನಮಗೆ ಮುಖ್ಯ. ಅಂಥದೇ ದಾಖಲೆಗಳನ್ನು ಜೀವಶಾಸ್ತ್ರಜ್ಞರು ಬೇರೊಂದು ಪ್ರಶ್ನೆಯನ್ನಿಟ್ಟುಕೊಂಡು ಓದಿದ್ದಾರೆ: ಆಯುಸ್ಸು ತಂದೆತಾಯಿಗಳಿಂದ ಬರುವ ಸ್ವತ್ತೆ? ಬರುವುದಾದರೆ ಎಷ್ಟರಮಟ್ಟಿಗೆ? ಅವರಿಗೆ ದೊರೆತ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ಅದಕ್ಕೆ ಕಾರಣವೇನೆಂದು ವಿವೇಚಿಸುವುದೇ ಈ ಲೇಖನದ ಉದ್ದೇಶ.

ವರ್ಣತಂತುಗಳಲ್ಲಿರುವ ವಂಶವಾಹಿಗಳು ಎಲ್ಲ ಮಾನವರಲ್ಲಿಯೂ ಬಹುಮಟ್ಟಿಗೆ ಒಂದೇ ತೆರನಾಗಿವೆ. ಆದರೆ ಅಲ್ಲಲ್ಲಿ ಸಣ್ಣ ಭೇದಗಳುಂಟು. 19ನೆಯ ವರ್ಣತಂತುವಿನಲ್ಲಿರುವ ಎಪಿಒಇ ಎಂಬ ವಂಶವಾಹಿ ರಕ್ತದಲ್ಲಿ ಕೊಬ್ಬಿನ ಸಾಗಣೆಗೆ ಸಂಬಂಧಿಸಿದ್ದು. ಇದರ ಇ4 ಎಂಬ ರೂಪವನ್ನು ಪಡೆದವರಿಗೆ ಆಲ್ಜೈಮರ್ ವ್ಯಾಧಿಯ ಮತ್ತು ಹೃದ್ರೋಗದ ಭಯ ಹೆಚ್ಚು. ಇ2 ರೂಪವು ದೀರ್ಘಾಯುಗಳಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಫಾಕ್ಸೋ3 ಎಂಬ ಇನ್ನೊಂದು ವಂಶವಾಹಿಯ ಭೇದವೊಂದಕ್ಕೂ ದೀರ್ಘಾಯುಷ್ಯಕ್ಕೂ ಸಂಬಂಧವಿರುವುದನ್ನು 2008ರಲ್ಲಿ ಹವಾಯಿ ದ್ವೀಪಗಳ ಜಪಾನೀ ಮೂಲದ ಪುರುಷರಲ್ಲಿ ಗುರುತಿಸಲಾಯಿತು. ಆದರೆ ಇಂಥ ಒಂದೊಂದು ಭೇದದ ಪ್ರಭಾವವೂ ಅಲ್ಪವೇ. ಆದುದರಿಂದ ಒಟ್ಟು ಪಾಲನ್ನು ಅಳೆಯಲು ವಿಜ್ಞಾನಿಗಳು ಕುಟುಂಬಗಳ ದಾಖಲೆಯನ್ನೇ ಆಶ್ರಯಿಸಬೇಕಾಯಿತು.

ಈ ಮಾರ್ಗದಲ್ಲಿ ಮೊದಲಿಗರಾಗಿ ನಡೆದವರಲ್ಲಿ ಟೆಲಿಫೋನಿನ ನಿರ್ಮಾತೃ ಅಲೆಕ್ಸಾಂಡರ್ ಗ್ರಹಾಂ ಬೆಲ್ ಒಬ್ಬನು. ಅಮೆರಿಕದ ಹೈಡ್ ಮನೆತನದ ಮುದ್ರಿತ ವಂಶಾವಳಿಯನ್ನು ಪರಿಶೀಲಿಸಿ ಅವನು 1918ರಲ್ಲಿ ತನ್ನ ಫಲಿತಗಳನ್ನು ಪ್ರಕಟಿಸಿದನು. ತಂದೆತಾಯಿಗಳಿಬ್ಬರೂ 80 ವರ್ಷ ದಾಟಿದ್ದವರ ಮಕ್ಕಳು, ಇಬ್ಬರೂ 60ಕ್ಕೆ ಮೊದಲೇ ತೀರಿಕೊಂಡಿದ್ದವರ ಮಕ್ಕಳಿಗಿಂತ ಸರಾಸರಿ ಸುಮಾರು 20 ವರ್ಷ ಹೆಚ್ಚು ಬದುಕಿದ್ದರು. ಮೇಲುನೋಟಕ್ಕೆ ಇದು ರಕ್ತದ ಮಹಿಮೆಯೆಂದೇ ತೋರುತ್ತದೆ. ಆದರೆ ಮಕ್ಕಳಿಗೆ ತಂದೆತಾಯಿಗಳಿಂದ ವಂಶವಾಹಿಗಳು ಮಾತ್ರ ಬರುವುದಿಲ್ಲ. ಮನೆ, ಅನ್ನ, ನೀರು, ವಿದ್ಯೆ, ನಡೆನುಡಿಗಳೂ ಬರುತ್ತವೆ. ಇವೆರಡನ್ನು ಬೇರ್ಪಡಿಸಿ ತೋರಿಸುವ ಶಕ್ತಿ ವಂಶಾವಳಿಗೆ ಇಲ್ಲ.

ಈ ತೊಡಕನ್ನು ಬಿಡಿಸಲು ಅವಳಿಗಳ ಅಧ್ಯಯನ ನೆರವಾಯಿತು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ವಂಶವಾಹಿಗಳು ಸಮಾನ. ಎರಡು ಅಂಡಗಳಿಂದ ಹುಟ್ಟಿದವರಲ್ಲಿ ಸರಾಸರಿ ಅರ್ಧದಷ್ಟು ಸಮಾನ. ಬೆಳೆದ ಮನೆಯೋ ಇಬ್ಬಗೆಯವರಿಗೂ ಒಂದೇ. ಡೆನ್ಮಾರ್ಕಿನ ಚರ್ಚುಗಳ ಜನನ ದಾಖಲೆಗಳನ್ನು ಹುಡುಕಿ ಸಿದ್ಧಪಡಿಸಿದ ಅವಳಿಗಳ ಪಟ್ಟಿಯಿಂದ, 1870ರಿಂದ 1900ರವರೆಗೆ ಹುಟ್ಟಿದ 2872 ಜೋಡಿಗಳನ್ನು ಆರಿಸಿಕೊಂಡು ನಡೆಸಿದ ಅಧ್ಯಯನವೊಂದು 1996ರಲ್ಲಿ ಪ್ರಕಟವಾಯಿತು. ಜನರ ಆಯುಸ್ಸಿನಲ್ಲಿ ಕಾಣುವ ಹೆಚ್ಚುಕಡಮೆಗೆ ಶೇಕಡ 25ರಷ್ಟು ಮಾತ್ರ ಅನುವಂಶೀಯತೆ ಕಾರಣವೆಂದು ಅದು ತಿಳಿಸಿತು.

2018ರಲ್ಲಿ 40 ಕೋಟಿಗೂ ಮಿಕ್ಕ ಜನರ ವಂಶವೃಕ್ಷಗಳನ್ನು ಪರಿಶೀಲಿಸಿದವರು ಈ ಪಾಲನ್ನು ಶೇಕಡ 10ಕ್ಕಿಂತಲೂ ಕೆಳಗಿಳಿಸಿದರು. ರಕ್ತಸಂಬಂಧವೇ ಇಲ್ಲದ ಭಾವಮೈದುನ, ನಾದಿನಿಯರ ಆಯುಸ್ಸಿನಲ್ಲಿಯೂ ಅವರಿಗೆ ಸಾಮ್ಯ ಕಂಡುಬಂದಿತ್ತು. ಜನರು ತಮ್ಮಂಥವರನ್ನೇ ವರಿಸುವುದರಿಂದ ಹಿಂದಿನ ಲೆಕ್ಕಗಳು ಉಬ್ಬಿದ್ದುವೆಂದು ಅವರು ವಾದಿಸಿದರು. 2025ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಸಂಶೋಧಕರು ಮಂಡಿಸಿದ ಲೆಕ್ಕವಾದರೋ ಇದಕ್ಕೆ ವಿರುದ್ಧವಾಗಿದೆ. ಹಿಂದಿನ ತಲೆಮಾರುಗಳಲ್ಲಿ ಅಪಘಾತ, ಸೋಂಕು ಮೊದಲಾದ ಹೊರಗಣ ಕಾರಣಗಳಿಂದಾದ ಮರಣಗಳನ್ನು ಕಳೆದರೆ ಅನುವಂಶೀಯತೆಯ ಪಾಲು ಶೇಕಡ 50ರ ಸಮೀಪಕ್ಕೆ ಏರುವುದೆಂದು ಅವರ ನಿರ್ಣಯ.

ಇವುಗಳಲ್ಲಿ ಯಾವುದು ಸರಿ? ಪ್ರಶ್ನೆಯನ್ನೇ ಸ್ವಲ್ಪ ತಿದ್ದಿಕೊಳ್ಳುವುದು ಉಚಿತ. ಈ ಅಂಕಿಗಳು ವ್ಯಕ್ತಿಯೊಬ್ಬನ ದೇಹವನ್ನು ಕುರಿತವಲ್ಲ. ನಿರ್ದಿಷ್ಟ ಕಾಲದಲ್ಲಿ, ನಿರ್ದಿಷ್ಟ ಸಮಾಜದಲ್ಲಿ ಬಾಳಿದ ಜನಸಮೂಹವನ್ನು ಕುರಿತವು. ಸೋಂಕುರೋಗವು ಬಲವಂತನನ್ನೂ ದುರ್ಬಲನನ್ನೂ ಒಟ್ಟಿಗೆ ಕೊಂಡೊಯ್ಯುವ ಕಾಲದಲ್ಲಿ ವಂಶವಾಹಿಗಳ ಭೇದ ಹೊರಗೆ ತೋರಲು ಅವಕಾಶವೇ ಕಡಮೆ. ಶುದ್ಧ ನೀರು, ಔಷಧ, ಆಹಾರಗಳು ಎಲ್ಲರಿಗೂ ದೊರೆತಂತೆಲ್ಲ ಉಳಿಯುವ ಅಂತರದಲ್ಲಿ ಅವುಗಳ ಪಾಲು ಹೆಚ್ಚುತ್ತದೆ. ಎಂದರೆ ಅನುವಂಶೀಯತೆಯ ಅಳತೆಗೂ ಒಂದು ಇತಿಹಾಸವುಂಟು.

ನಮ್ಮ ದೇಶದ ಅನುಭವವೇ ಇದಕ್ಕೆ ನಿದರ್ಶನ. 1941ರಿಂದ 1950ರ ದಶಕದಲ್ಲಿ ಭಾರತೀಯರ ಸರಾಸರಿ ನಿರೀಕ್ಷಿತ ಆಯುಸ್ಸು ಸುಮಾರು 32 ವರ್ಷ. ಇಂದು ಅದು 70ರ ಆಸುಪಾಸಿನಲ್ಲಿದೆ. ಈ ಏರಿಕೆಯಲ್ಲಿ ದೊಡ್ಡ ಪಾಲು ಶಿಶುಮರಣದ ಇಳಿತದ್ದು. ಮೂರು ನಾಲ್ಕು ತಲೆಮಾರುಗಳಲ್ಲಿ ಒಂದು ಜನಾಂಗದ ವಂಶವಾಹಿಗಳು ಇಷ್ಟು ಬದಲಾಗುವುದು ಸಾಧ್ಯವಿಲ್ಲ. ಬದಲಾದದ್ದು ಬಾಳುವೆಯ ಸ್ಥಿತಿ.

ಆದುದರಿಂದ ಅಜ್ಜನು ತೊಂಬತ್ತು ಬಾಳಿದನೆಂದು ಮೊಮ್ಮಗನು ನಿಶ್ಚಿಂತನಾಗಿರುವುದೂ, ತಂದೆ ಐವತ್ತಕ್ಕೆ ತೀರಿಕೊಂಡನೆಂದು ಮಗನು ಎದೆಗುಂದುವುದೂ ಸಮಂಜಸವಲ್ಲ. ವಂಶಾವಳಿಯಲ್ಲಿ ಬರೆದಿರುವುದು ಸತ್ತ ವರ್ಷ ಮಾತ್ರ. ಸಾವಿನ ಕಾರಣವನ್ನು ತಿಳಿಯಲು ಆ ಕಾಲದ ಬಾವಿ, ಗದ್ದೆ, ಆಸ್ಪತ್ರೆಗಳ ಕಥೆಯನ್ನೂ ಓದಬೇಕು. ಜೀವಶಾಸ್ತ್ರಕ್ಕೆ ಇತಿಹಾಸದ ನೆರವು ಬೇಕಾಗುವುದು ಇಲ್ಲಿಯೇ.